ವೆರೊನಿಕಾ ಹೆಸರಿನ ವಿದ್ಯಾರ್ಥಿನಿ

ಸಂತೆಕಟ್ಟೆ
12 ಫೆಬ್ರವರಿ 2025

ಪ್ರೀತಿಯ ಮಗಳು ರೇಚಲ್‌ಗೆ,

ಮಮ್ಮಿಯ ಮುತ್ತುಗಳು. ಆರೋಗ್ಯವಾಗಿದ್ದೀಯಲ್ಲ ಬಾಯೆ? ಇಷ್ಟು ವರ್ಷ ಸುಮ್ಮನಿದ್ದು ಈಗ ಬರೆಯುತ್ತಿದ್ದಾಳೆಂದು ಬೇಸರಿಸಬೇಡ. ನಿನ್ನ ವಿಳಾಸವೇ ನನ್ನ ಬಳಿ ಇರಲಿಲ್ಲ. ಹಳೆಯ ನಂಬರಿಗೆ ಫೋನ್ ಮಾಡಿದರೆ ಯಾರೋ ಹಿಂದಿಯಲ್ಲಿ ಮಾತಾಡುತ್ತಿದ್ದರು. ಈಗ ನೀನು ಕಳಿಸಿದ ಪಿಂಗಾಣಿ ಮಣ್ಣಿನ ಪೊಟ್ಟಣದ ಮೇಲೆ ಧಾರವಾಡದ ವಿಳಾಸ ಸಿಕ್ಕಿತು. ಕೊಂಕಣಿಯಲ್ಲಿ ಬರೆಯಲು ಕುಳಿತರೆ ಮೊದಲ ಸಾಲಿಗೇ ಅಳು ಬಂತು. ಹಾಗಾಗಿ ನೀನು ಪಾಠ ಮಾಡುವ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹೌದು, ನಿನ್ನ ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಹಾಕದೆ ಕೂರುತ್ತಿದ್ದ ವೆರೊನಿಕಾ ನಾನೇ.

ನಮ್ಮ ಪಕ್ಕದ ಮನೆಗೆ ಸಿಂಥಿಯಾ ಎಂಬ ಹುಡುಗಿ ಬಾಡಿಗೆಗೆ ಬಂದಿದ್ದಾಳೆ, ಮಣಿಪಾಲದಲ್ಲಿ ಕೆಲಸ. ನಮ್ಮ ಗೋಡೆಯ ಮೇಲಿನ ನಿನ್ನ ಫೋಟೋ ನೋಡಿದ್ದಳು. ಒಂದು ದಿನ ಮೊಬೈಲ್ ಹಿಡಿದುಕೊಂಡು ಓಡಿ ಬಂದು, "ಆಂಟಿ, ಮಡಕೆ ಮಾಡುವುದು ಹೇಳಿಕೊಡುವ ಇವರು ನಿಮ್ಮ ರೇಚಲ್ ಅಲ್ವಾ?" ಎಂದಳು. ನೀನು ಕೂದಲು ಗಿಡ್ಡ ಮಾಡಿಕೊಂಡಿದ್ದೆ, ತೆಳ್ಳಗಾಗಿದ್ದೆ. ಆದರೆ ದನಿ ಅದೇ. "ನನ್ನನ್ನೂ ಸೇರಿಸು ಮಾರಾಯ್ತಿ" ಎಂದು ಅವಳ ಕೈ ಹಿಡಿದುಕೊಂಡೆ. ಒಲಿಂಡಾ ಎಂದು ನನ್ನ ಹೆಸರು ಹೇಳಿದರೆ ನೀನು ಸೇರಿಸಿಕೊಳ್ಳಲಾರೆ ಎಂದು ಬೇರೆ ಹೆಸರು ಕೊಟ್ಟೆವು. ಮಣ್ಣನ್ನು ಅವಳ ಆಫೀಸಿಗೆ ತರಿಸಿದೆವು. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಒಬ್ಬಳು ತನ್ನ ಹಳೆಯ ಕರೆಂಟಿನ ಚಕ್ರ ಕೊಟ್ಟಳು. ಆಟೋದಲ್ಲಿ ಅದನ್ನು ಮಗುವಿನ ಹಾಗೆ ಅಪ್ಪಿಕೊಂಡು ತಂದು ಹಿಂದಿನ ಕೊಟ್ಟಿಗೆಯಲ್ಲಿಟ್ಟೆ.

"ಈ ಪ್ರಾಯದಲ್ಲಿ ಎಂತ ಮಣ್ಣಾಟ ನಿನ್ನದು?" ಎಂದು ಡ್ಯಾಡಿ ನಕ್ಕರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದರಿಂದ ಅವರಿಗೆ ನಿನ್ನ ದನಿ ಕೇಳುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಮಣ್ಣಿನ ಮೇಲೆ ನನಗೆ ಆಸೆಯೇನೂ ಇರಲಿಲ್ಲ. ನೀನು ಮಾತಾಡುವಾಗ ಸುಮ್ಮನೆ ಕೂತು ಕೇಳಬೇಕೆಂದಿತ್ತು, ಅಷ್ಟೇ. ಆದರೆ "ಮಾಡಿದ್ದರ ಫೋಟೋ ಎಲ್ಲರೂ ಕಳಿಸಬೇಕು" ಎಂದೆಯಲ್ಲ, ಮಾಡದೆ ನಿರ್ವಾಹವಿರಲಿಲ್ಲ. ಮಣ್ಣು ಚಕ್ರದ ನಡುವೆ ನಿಲ್ಲದೆ ಅತ್ತಿತ್ತ ಹೊಡೆದುಕೊಳ್ಳುತ್ತಿತ್ತು. ಬಟ್ಟಲಿನ ಗೋಡೆ ಎತ್ತಲು ಹೋದರೆ ಕುಸಿದು ಕೂರುತ್ತಿತ್ತು. ನಿನ್ನನ್ನು ಮತ್ತೆ ಕಳೆದುಕೊಳ್ಳುತ್ತೇನೆಂಬ ಹೆದರಿಕೆಯಲ್ಲಿ ಮೊಣಕೈ ಊದುವವರೆಗೂ ಒತ್ತಿದೆ. ಕೊನೆಗೊಂದು ಬಟ್ಟಲು ಎದ್ದು ನಿಂತಿತು. "ವೆರೊನಿಕಾ ಅವರೇ, ಅಂಚು ಸ್ವಲ್ಪ ದಪ್ಪ ಉಂಟು, ಆದರೆ ಕೈ ಒಳ್ಳೇದುಂಟು" ಎಂದು ನೀನು ವಾಯ್ಸ್ ಮೆಸೇಜ್ ಕಳಿಸಿದೆ. ಅಷ್ಟು ದೂರ ಹೋದರೂ ನಿನ್ನ ಬಾಯಲ್ಲಿ 'ಉಂಟು' ಉಳಿದಿದೆ ಬಾಯೆ. ಅದನ್ನು ಎಷ್ಟು ಸಲ ಕೇಳಿದೆನೋ ದೇವರಿಗೇ ಗೊತ್ತು.

ಹೋದ ಶನಿವಾರ ಪಿಂಗಾಣಿಯ ಮೊದಲ ಪಾಠ. "ಇದು ಬೆಣ್ಣೆಯ ಹಾಗೆ, ಕೈ ಕಾಣದಿದ್ದರೆ ನಾನು ತಿದ್ದಲಾರೆ, ಎಲ್ಲರೂ ಕ್ಯಾಮೆರಾ ಹಾಕಲೇಬೇಕು" ಎಂದೆ ನೀನು. ನಾನು ಮುಖ ಬೀಳದ ಹಾಗೆ ಕೈಗಳಿಗೆ ಮಾತ್ರ ಹಿಡಿದೆ. ಹೊಲಿಗೆ ಮೆಷಿನ್ನಿನ ಸೂಜಿ ಹೊಕ್ಕು ಎರಡಾಗಿ ಬೆಳೆದ ಈ ಹೆಬ್ಬೆರಳ ಉಗುರನ್ನು ಮಣ್ಣು ಮುಚ್ಚುತ್ತದೆ ಎಂದುಕೊಂಡಿದ್ದೆ. "ವೆರೊನಿಕಾ ಅವರೇ, ನೀರು ಕಡಿಮೆ..." ಎಂದವಳು ನೀನು ಅಲ್ಲಿಗೇ ನಿಂತೆ. ಆಮೇಲೆ "ಮುಂದಿನವರು" ಎಂದೆ. ಕ್ಲಾಸ್ ಮುಗಿಯುವ ಮೊದಲೇ ನನ್ನನ್ನು ಹೊರಗೆ ಹಾಕಿದೆ. ಕ್ಲಾಸಿನ ಗ್ರೂಪಿನಿಂದಲೂ ತೆಗೆದೆ. ಸಿಂಥಿಯಾ ಕೇಳಿಕೊಂಡರೂ ಉತ್ತರವಿಲ್ಲ.

ಕೊಟ್ಟಿಗೆಯಲ್ಲಿ ನಾನು ಬಿದ್ದು ಅಳುವುದನ್ನು ಕಂಡು ಡ್ಯಾಡಿ ಏನೆಂದು ಕೇಳಿದರು, ಎಲ್ಲಾ ಹೇಳಿಬಿಟ್ಟೆ. ಬಾಗಿಲಲ್ಲೇ ಕುಳಿತರು. ನೀನು ಕಾರ್ಕಳದ ಕಾನ್ವೆಂಟ್ ಬಿಟ್ಟು, ಸಿಸ್ಟರ್ ಆಗುವುದಿಲ್ಲವೆಂದು ಮನೆಗೆ ಬಂದ ದಿನ ನಾನು ಅಜ್ಜಿಯ ಜೊತೆ ಆಸ್ಪತ್ರೆಯಲ್ಲಿದ್ದೆ. ಬರುವಷ್ಟರಲ್ಲಿ ನೀನು ಹೋಗಿಯಾಗಿತ್ತು. ಸಿಟ್ಟಿನಲ್ಲಿ ಹೊರಟುಹೋದಳು ಎಂದಷ್ಟೇ ಅಂದು ಡ್ಯಾಡಿ ಹೇಳಿದ್ದರು. ಈಗ ಹೇಳಿದರು: "ಅವಳನ್ನು ಹೊರಗೆ ಹಾಕುವಾಗ ನಾನು ನಿನ್ನ ಹೆಸರೂ ಸೇರಿಸಿ ಹೇಳಿದೆ ಒಲಿಂಡಾ. ಮಮ್ಮಿಯೂ ನಿನ್ನ ಮುಖ ನೋಡುವುದಿಲ್ಲವಂತೆ ಎಂದೆ."

ರೇಚಲ್, ನಾನು ಹಾಗೆ ಹೇಳಿರಲಿಲ್ಲ. ನೀನು ಬಂದದ್ದೇ ನನಗೆ ಗೊತ್ತಿರಲಿಲ್ಲ. ಯಾವ ಶಿಲುಬೆಯ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ. ಡ್ಯಾಡಿಯ ಜೊತೆ ನಾನೀಗ ಮಾತಾಡುತ್ತಿಲ್ಲ. ಅವರು ಊಟವನ್ನೂ ಸರಿಯಾಗಿ ಮಾಡುತ್ತಿಲ್ಲ. ಅದು ನಿನಗೆ ಬೇಡದ ಸುದ್ದಿಯಾದರೆ ಬಿಟ್ಟುಬಿಡು.

ಮನೆಗೆ ಬಾ ಎಂದು ಕೇಳುವುದಿಲ್ಲ. ಕ್ಲಾಸಿಗೆ ಮಾತ್ರ ಮತ್ತೆ ಸೇರಿಸಿಕೋ. ನಾನು ಬಾಯಿ ತೆರೆಯುವುದಿಲ್ಲ. ಮಗಳೇ ಎಂದು ಕರೆಯುವುದಿಲ್ಲ. ನೀನೂ ಮಮ್ಮಿ ಅನ್ನುವುದು ಬೇಡ, ವೆರೊನಿಕಾ ಅವರೇ ಎಂದೇ ಕರೆ. ಇಲ್ಲದಿದ್ದರೆ ಶನಿವಾರ ಬಂದಾಗ ನಾನೇನು ಮಾಡಲಿ, ಅದನ್ನಾದರೂ ಹೇಳು.

ದೇವರು ನಿನ್ನ ಕೈಗಳನ್ನೂ ಉಸಿರನ್ನೂ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಮ್ಮಿ
ಒಲಿಂಡಾ

ಮರೆತ ಮಾತು: ಇದನ್ನು ಬರೆಯಬಾರದೆಂದಿದ್ದೆ. ಕ್ಲಾಸ್ ಶುರುವಾದ ಹೊಸತರಲ್ಲಿ ಶಿವಮೊಗ್ಗದ ಆ ಹೆಂಗಸು, "ಮೇಡಂ, ನಿಮ್ಮ ತಾಯಿಯೂ ಮಡಕೆ ಮಾಡುತ್ತಾರಾ?" ಎಂದು ಕೇಳಿದ್ದರಲ್ಲ. "ಅಮ್ಮ ಇಲ್ಲ, ತೀರಿಹೋಗಿ ತುಂಬಾ ವರ್ಷ ಆಯಿತು" ಎಂದೆ ನೀನು. ನನ್ನ ಕೈಯಡಿಯಲ್ಲಿ ಚಕ್ರ ತಿರುಗುತ್ತಲೇ ಇತ್ತು. ಗ್ರೂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ನಾನೊಬ್ಬಳೇ ಕಳಿಸದಿದ್ದರೆ ನಿನಗೆ ಸಂಶಯ ಬಂದೀತೆಂದು ನಾನೂ ಒಂದು ಕಳಿಸಿದೆ.