ನೇರ ನೋಡಿದರೆ ಮಾಯವಾಗುವ ಸುರುಳಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನಿನ್ನ ಎರಡೂ ಕಾಗದ ತಲುಪಿದವು. ಉತ್ತರ ತಡವಾಯಿತು, ಬೈಯಬೇಡ. ಬರೆಯಲು ಕೂತರೆ ಅಕ್ಷರಗಳ ನಡುವೆ ತೂತು ಬಿದ್ದಂತಾಗುತ್ತದೆ. ಜೀವಮಾನವಿಡೀ ಮುದ್ರಣಾಲಯದಲ್ಲಿ ಕರಡು ತಿದ್ದಿದ ಕಣ್ಣು ನನ್ನದು. ಕಣ್ಣೇ ಕೆಟ್ಟಿತೋ, ನಮ್ಮ ಬೀದಿಗೆ ಹಾಕಿರುವ ಹೊಸ ಬಿಳಿ ದೀಪಗಳ ಉಪಟಳವೋ, ಗೊತ್ತಾಗದೆ ಒದ್ದಾಡುತ್ತಿದ್ದೇನೆ.

ದೀಪಗಳ ಮೇಲೆ ದೂರು ಬರೆದೂ ಬರೆದೂ ಸಾಕಾಯಿತು. ನಾವು ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗ ಇದೇ ಬೀದಿಯಲ್ಲಿ ನಿಂತರೆ ತಲೆಯ ಮೇಲೆ ಆಕಾಶಗಂಗೆ ಕಾಣುತ್ತಿರಲಿಲ್ಲವೇ? ಅದನ್ನು ಹೇಳಿದರೆ ಪುರಸಭೆ ಕಚೇರಿಯ ಗುಮಾಸ್ತ, "ಈಗ ಅದನ್ನ ನೋಡಿ ಏನ್ ಮಾಡ್ಬೇಕಮ್ಮಾ?" ಅಂದ. ಆಕಾಶ ಅಳಿಸಿದವರಿಗೆ ನಾಚಿಕೆಯಿಲ್ಲ, ಕೇಳಿದವಳಿಗೆ ಹುಚ್ಚು!

ನಿನ್ನೆ ಕತ್ತಲಾಗುತ್ತಲೇ ಔಷಧಿ ಅಂಗಡಿಯವರು, ದೂರದ ಒಂದು ಸುರುಳಿ ಗೆಲಾಕ್ಸಿ ತೋರಿಸುತ್ತೇನೆಂದು, ತಾವೇ ಕನ್ನಡಿ ಉಜ್ಜಿ ಮಾಡಿದ ದೂರದರ್ಶಕವನ್ನು ಊರಾಚೆಯ ಗುಡ್ಡಕ್ಕೆ ಒಯ್ದರು. ತಪ್ಪು ದೀಪಗಳದ್ದೇ ಆದರೆ ಅಲ್ಲಿ ಎಲ್ಲ ಸರಿಯಾಗಿ ಕಾಣಬೇಕಲ್ಲ ಎಂದು ನಾನೂ ನಿನ್ನ ಭಾವನೂ ಹೊರಟೆವು.

ನಿನ್ನ ಭಾವ ಮೊದಲು ಬಗ್ಗಿದರು. "ಆಹಾ, ಎಂಥಾ ಸುರುಳಿ!"

"ಇನ್ನೂ ಮುಚ್ಚಳ ತೆಗೆದಿಲ್ಲ ಸಾರ್," ಅಂದರು ಅಂಗಡಿಯವರು.

ನನ್ನ ಸರದಿ ಬಂತು. ನೋಡುತ್ತೇನೆ, ಏನೂ ಇಲ್ಲ! ಕಣ್ಣುಜ್ಜಿಕೊಂಡು ಮತ್ತೆ ಬಗ್ಗಿದೆ.

"ನೇರ ನೋಡ್ಬೇಡಿ ಅಕ್ಕಾ. ಸ್ವಲ್ಪ ಪಕ್ಕಕ್ಕೆ ನೋಡಿ."

ಪಕ್ಕಕ್ಕೆ ನೋಡಿದೆ. ಬಂತು ಕಣೇ! ತಿರುಗುವ ನೀರಿಗೆ ಹಾಲು ಬಿದ್ದಂತೆ ಒಂದು ಮಬ್ಬು, ಅದರಿಂದ ಬಾಗಿಕೊಂಡು ಹೊರಟ ಎರಡು ತೋಳು. ಆಸೆಯಿಂದ ನೇರ ನೋಡಿದೆ, ಹೋಯಿತು.

"ನನಗೊಬ್ಬಳಿಗೇ ಹೀಗಾ?"

"ಎಲ್ಲರ ಕಣ್ಣೂ ಅಷ್ಟೇ. ಇಷ್ಟು ಮಂಕು ಬೆಳಕು ಕಣ್ಣಿನ ನಡುವಿಗೆ ದಕ್ಕಲ್ಲ, ಅಂಚಿಗೇ ದಕ್ಕೋದು."

ಎಲ್ಲರಿಗೂ ಹೀಗೆಯೇ! ದಾರಿಯುದ್ದಕ್ಕೂ ಹಾಡಿಕೊಂಡು ಬಂದೆ. "ಗೆಲಾಕ್ಸಿ ಸಿಕ್ಕಿತು, ಇನ್ನು ಮನೆಕೆಲಸ ನನ್ನ ಪಾಲಿಗೆ," ಅಂತ ನಿನ್ನ ಭಾವ ಗೊಣಗಿದರು.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ. ಮಕ್ಕಳಿಗೆ ಆಶೀರ್ವಾದ, ನೂರು ಕಾಲ ಚೆನ್ನಾಗಿರಲಿ.

ಇಂತು ನಿನ್ನ
ಅಕ್ಕ

ತಾ.ಕ.: ಇವತ್ತು ಬೆಳಿಗ್ಗೆ ನಿನ್ನ ಭಾವ ಕಿಟಕಿಯ ಬಿಸಿಲಲ್ಲಿ ನಿಂತು ಗಡ್ಡ ಹೆರೆಯುತ್ತಿದ್ದರು. ನೇರ ನೋಡಿದೆ. ಮುಖವಿರಬೇಕಾದಲ್ಲಿ ಮುಖವಿರಲಿಲ್ಲ. ಕಿವಿಯತ್ತ ನೋಡಿದಾಗ ಮುಖ ಬಂತು. "ಏನೇ, ಕಿವೀಲಿ ಸೋಪು ಉಳಿದಿದೆಯಾ?" ಅಂದರು. ಹೌದು ಎಂದು ಸೆರಗಿನಿಂದ ಒರೆಸಿದೆ. ಬಿಸಿಲಲ್ಲೂ ಎಲ್ಲರಿಗೂ ಹೀಗೆಯೇ ಆಗುತ್ತದೆಯೇ? ನಿನಗೆ ಆಗುತ್ತದೆಯೇ? ಆಗದಿದ್ದರೆ ಬೇಗ ಬಾ, ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಜೊತೆಗಿರು. ನಿನ್ನ ಭಾವನಿಗೆ ಹೇಳುವ ಧೈರ್ಯ ನನಗಿಲ್ಲ.