ಪ್ರಯೋಗಶಾಲೆಯ ಹಿಂದಿನ ಸಾಲು

ಸರಸ್ವತಿಪುರಂ, ಮೈಸೂರು
ಮಾರ್ಚಿ 1956

ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ನೆರೆದಿರುವ ಮೇಷ್ಟ್ರುಗಳೇ, ಬಾಗಿಲು ಕಾಯುವ ಜವಾನರೇ, ಎಲ್ಲರೂ ಲಾಲಿಸಬೇಕು.

ನಾನು ಗಿರಿಜಾಂಬಾಳ ತಂದೆ. ಗಂಡಸಾದರೂ ನಾಟಕ ಕಂಪನಿಯಲ್ಲಿ ರಾಣಿಯರ ಪಾತ್ರ ಮಾಡುವವನು. ನಿಮ್ಮ ಪ್ರಯೋಗಶಾಲೆಯಲ್ಲಿ ವರ್ಷವಿಡೀ ಹುಡುಗರು ಮೇಜಿನ ಮುಂದೆ ನಿಂತರು, ನನ್ನ ಮಗಳು ಹಿಂದಿನ ಸಾಲಿನಲ್ಲಿ ನಿಂತಳು. ಬ್ಯೂರೆಟ್ ಎಂಬ ಗಾಜಿನ ಕೊಳವೆ ಕೇಳಿದರೆ, "ಒಡೆದಾಕ್ಬುಡ್ತೀಯ ಕಣಮ್ಮ. ಹುಡುಗರು ಮಾಡ್ಲಿ, ನೀನು ನೋಡ್ಕೊಂಡು ಬರ್ಕೋ" ಎಂದಿರಿ. ಅವಳು ಬರೆದುಕೊಂಡಳು.

ಮೊನ್ನೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅದೇ ಬ್ಯೂರೆಟ್ಟನ್ನು ಮೊದಲ ಸಲ ಅವಳ ಕೈಗೆ ಕೊಟ್ಟಿರಿ. ಹಿಡಿದು ಅಭ್ಯಾಸವಿಲ್ಲ, ಗಾಜು ಒಡೆಯಿತು. "ನಾವು ಆಗ್ಲೇ ಹೇಳಿರ್ಲಿಲ್ವಾ" ಎಂದು ನಕ್ಕು ನಪಾಸು ಮಾಡಿದಿರಂತೆ.

ನಮ್ಮ ಕಂಪನಿಯಲ್ಲಿ ಬಾಗಿಲು ಕಾಯುವ ದೂತನ ಪಾತ್ರದವನನ್ನೂ ತಾಲೀಮು ಕೊಡದೆ ರಂಗಕ್ಕೆ ನೂಕುವುದಿಲ್ಲ. ನನ್ನ ಮಗಳಿಗೂ ಮೇಜಿನ ಮುಂದೆ ತಾಲೀಮು ಕೊಟ್ಟು, ಆಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಬೇಕೆಂದು ಕೋರುತ್ತೇನೆ.

ನಾಳೆ ಬೆಳಿಗ್ಗೆ ರಾಣಿಯ ಸೀರೆ ಉಟ್ಟು, ಜಡೆ ಕಟ್ಟಿಕೊಂಡು ಬಂದು, ಅವಳ ಪಕ್ಕದಲ್ಲೇ ಹಿಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ಅಲ್ಲಿಂದ ಏನು ಕಾಣುತ್ತದೋ ನಾನೂ ನೋಡಿಕೊಂಡು ಬರೆದುಕೊಳ್ಳುತ್ತೇನೆ.

ಇಂತಿ ತಮ್ಮ ವಿಧೇಯ,
ಚನ್ನಬಸವಯ್ಯ