ಬಾಯ್ಲರ್ ಮನೆಯ ಪುಸ್ತಕ

ಹದಿನಾಲ್ಕನೇ ತಾರೀಕು, ಗುರುವಾರ

ಪುಟ್ಟಿಗೆ ಅಮ್ಮನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಬಿಟ್ಟುಹೋಗಿಲ್ಲ, ಅದಕ್ಕೂ ನನ್ನನ್ನು ಬಿಟ್ಟರೆ ಇನ್ಯಾರಿದ್ದಾರೆ. ವಿಷಯಕ್ಕೆ ಬರುತ್ತೇನೆ. ಸೋಮವಾರ ನಿಮ್ಮ ಸಂಘದಿಂದ ಇಬ್ಬರು ಬಂದಿದ್ದರು. ಕಳಿಸಿದ್ದು ನೀನೇ ತಾನೆ?

ಹಳೆಯ ಕಾರ್ಖಾನೆಗಳನ್ನು ಉಳಿಸುವ ಸಂಘ ಎಂದು ನೀನು ಕೆಲಸಕ್ಕೆ ಸೇರಿದಾಗ ನಾನು ನಕ್ಕಿದ್ದೆ. ಯಾವ ಗಿರಣಿಯಿಂದ ಸಂಜೆ ಎಷ್ಟು ಹೊತ್ತಿಗೆ ಹೊರಬೀಳುತ್ತೇವೋ ಎಂದು ನಾವು ಕಾಯುತ್ತಿದ್ದೆವೋ, ಅದರೊಳಗೆ ಹೋಗುವುದಕ್ಕೆ ಈಗ ಜನ ಟಿಕೆಟ್ ತೆಗೆದುಕೊಳ್ಳುತ್ತಾರಂತೆ. ನಾನು ನೂಲು ಸುತ್ತುತ್ತಿದ್ದ ಯಂತ್ರಕ್ಕೆ ಎಣ್ಣೆ ಹಾಕಿ ಫಳಫಳ ಮಾಡಿದ್ದೀರಿ ಎಂದು ಬರೆದಿದ್ದೆಯಲ್ಲ, ಓದಿ ಖುಷಿಯೇ ಆಯಿತು. ನಾವು ದುಡಿಯುವಾಗ ಅದಕ್ಕೆ ಅಷ್ಟು ಎಣ್ಣೆ ಸಿಕ್ಕಿದ್ದರೆ ಎಂದೂ ಅನ್ನಿಸಿತು.

ಬಂದವರಲ್ಲಿ ಕನ್ನಡಕದ ಹುಡುಗಿ ಒಳ್ಳೆಯವಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿಸುತ್ತಾಳೆ, ಅದಕ್ಕೇ ನನಗೆ ಅವಳ ಮೇಲೆ ಅನುಮಾನ. ಯಂತ್ರದ ಸದ್ದು, ಊಟದ ಗಂಟೆ ಎಲ್ಲ ಕೇಳಿ, ನಡುನಡುವೆ ಮೂರು ಸಲ ಒಂದೇ ಪ್ರಶ್ನೆ ಹಾಕಿದಳು: "ಅಮ್ಮಾ, ಬಾಯ್ಲರ್ ಒಡೆದ ದಿನ ನೀವೆಲ್ಲಿದ್ರಿ?" ನನ್ನ ವಿಭಾಗದಲ್ಲೇ ಇದ್ದೆ ಎಂದು ಮೂರು ಸಲವೂ ಹೇಳಿದೆ.

ಅವಳ ಜೊತೆ ಬಂದ ಗಡ್ಡದವನಿಗೆ ಬಾಯೇ ಇಲ್ಲ, ಬರೀ ಕಣ್ಣು. ಗೋಡೆಯ ಕ್ಯಾಲೆಂಡರಿನಲ್ಲಿ ನಾನು ದಿನಾ ನನ್ನ ಬಿ.ಪಿ. ಬರೆದಿಡುತ್ತೇನಲ್ಲ, ಆ ಅಂಕಿಗಳ ಮುಂದೆ ನಿಂತವನು ಕದಲಲಿಲ್ಲ. ನಾನು ಕಾಫಿ ತರಲು ಒಳಗೆ ಹೋದಾಗ ಫೋಟೊ ತೆಗೆದ ಸದ್ದು ಕೇಳಿಸಿತು. ಹೊರಡುವಾಗ ಅವಳು, ಪ್ರದರ್ಶನಕ್ಕೆ ಬೇಕು, ನಿಮ್ಮ ಕೈಬರಹದ ಹಳೆಯ ಕಾಗದ ಇದ್ದರೆ ಕೊಡಿ ಎಂದಳು. ನೂಲು ಸುತ್ತುವವಳ ಕೈಬರಹ ಯಾವ ಪ್ರದರ್ಶನಕ್ಕೆ? ಇಲ್ಲ ಎಂದೆ.

ಆ ಗಿರಣಿಯ ವಿಚಾರ ನಿನಗೆ ಅರ್ಧ ಗೊತ್ತು, ಆಗ ನಿನಗೆ ಆರು ವರ್ಷ. ನಿನ್ನ ಅಪ್ಪ ಅಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಗಂಟೆಗೊಮ್ಮೆ ಒತ್ತಡದ ಸೂಜಿ ನೋಡಿ ಪುಸ್ತಕದಲ್ಲಿ ಅಂಕಿ ಬರೆಯಬೇಕು. ಸೂಜಿ ನೂರರ ಆಸುಪಾಸಿನಲ್ಲೇ ಜಪ್ಪಯ್ಯ ಎಂದರೂ ಅಲ್ಲಾಡದೆ ಕೂತಿರುತ್ತಿತ್ತು. ಹಾಗಾಗಿ ಎಲ್ಲ ಪಾಳಿಯವರೂ ಕೆಲಸಕ್ಕೆ ಬಂದ ಕೂಡಲೇ ತಮ್ಮ ಪಾಳಿಯ ಅಷ್ಟೂ ಅಂಕಿ ತುಂಬಿಸಿ ಕೈತೊಳೆದುಕೊಳ್ಳುತ್ತಿದ್ದರು. ಮೇಸ್ತ್ರಿಗೂ ಇದು ಗೊತ್ತಿತ್ತು. ಆ ದಿನ ಎರಡೂವರೆಗೆ ಬಾಯ್ಲರ್ ಒಡೆಯಿತು. ಕಲ್ಲಿದ್ದಲು ಹಾಕುವವನ ಎರಡೂ ಕೈ ಬೆಂದುಹೋದವು. ಪುಸ್ತಕ ತೆರೆದರೆ ಮೂರು, ನಾಲ್ಕು, ಐದು ಗಂಟೆಯ ಅಂಕಿಗಳು ಆಗಲೇ ಕೂತಿದ್ದವು. ಸುಳ್ಳುಗಾರ ಎಂದು ಅಪ್ಪನನ್ನು ಮನೆಗೆ ಕಳಿಸಿದರು. ಆಮೇಲೆ ಹನ್ನೊಂದು ವರ್ಷ ಬದುಕಿದ್ದರು, ಒಂದು ದಿನವೂ ಗಿರಣಿಯ ಬೀದಿ ತುಳಿಯಲಿಲ್ಲ. ತರಕಾರಿಗೂ ಸುತ್ತು ಹಾಕಿಕೊಂಡೇ ಹೋಗುತ್ತಿದ್ದರು.

ಈಗ ಅದೇ ಪುಸ್ತಕ ನಿಮ್ಮ ಸಂಘಕ್ಕೆ ಸಿಕ್ಕಿದೆ, ಮುಂದಿನ ತಿಂಗಳು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೀರಿ, ಕೆಳಗಿನ ಚೀಟಿಯಲ್ಲಿ 'ಬಾಯ್ಲರ್ ನೋಡಿಕೊಳ್ಳುವವನು ಬರೆದ ಸುಳ್ಳು ಅಂಕಿಗಳು' ಎಂದಿರುತ್ತದೆ. ಅಕ್ಷರ ಅಪ್ಪನದಲ್ಲ ಅನ್ನಿಸುತ್ತದೆ, ಸಾಬೀತಾದರೆ ಚೀಟಿ ಬದಲಾಯಿಸುತ್ತೇವೆ ಎಂದು ಬರೆದಿದ್ದೀ. ಸಾಬೀತು ಮಾಡಿ ಯಾರಿಗೆ ಏನಾಗಬೇಕು? ಯಾರೋ ಬರೆದರು, ಎಲ್ಲರೂ ಬರೆಯುತ್ತಿದ್ದರು. ನಿಮಗೆ ಯಂತ್ರ ಉಳಿಸುವ ಕೆಲಸ ಕೊಟ್ಟರೆ ಮನುಷ್ಯರ ಮೂಳೆ ಅಗೆಯುತ್ತೀರಿ. ಆ ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಹಾಕಿಸು. ಕುಂಬಳಕಾಯಿ ಕಳ್ಳ ಎಂದರೆ ಅಮ್ಮ ಹೆಗಲು ಮುಟ್ಟಿಕೊಂಡಳು ಎನ್ನಬೇಡ. ಅಪ್ಪನ ಮಾತು ಎತ್ತಿದರೆ ನನಗೆ ಎರಡು ದಿನ ಅನ್ನ ಸೇರುವುದಿಲ್ಲ, ಅಷ್ಟೇ.

ಸ್ವೆಟರ್ ಹೆಣೆಯುತ್ತಿದ್ದೇನೆ. ಒಂದು ತೋಳು ಬಾಕಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮೇಲಿನದನ್ನೆಲ್ಲ ಬರೆದದ್ದು ಎದುರುಮನೆ ಟೀಚರ್. ಕೈ ನಡುಗುತ್ತದೆ ಎಂದು ಸುಳ್ಳು ಹೇಳಿ ಬರೆಸಿದೆ, ನನ್ನ ಅಕ್ಷರ ನಿಮ್ಮವರ ಕೈಗೆ ಸಿಗಬಾರದಿತ್ತು. ಅವರು ಮನೆಗೆ ಹೋದರು, ಲಕೋಟೆ ಅಂಟಿಸಲು ನನಗೆ ಮನಸ್ಸಾಗಲಿಲ್ಲ. ಈ ಸಾಲುಗಳು ನಾನೇ ಬರೆದವು. ಅಪ್ಪನ ಕಣ್ಣು ಮಂಜಾಗಿತ್ತು ಪುಟ್ಟಿ. ಸೂಜಿಯೂ ಕಾಣುತ್ತಿರಲಿಲ್ಲ, ಪುಸ್ತಕದ ಗೆರೆಯೂ ಕಾಣುತ್ತಿರಲಿಲ್ಲ. ಕೆಲಸ ಹೋಗುತ್ತದೆಂದು ಇಬ್ಬರೂ ಮುಚ್ಚಿಟ್ಟೆವು. ಎರಡು ವರ್ಷ, ನನ್ನ ಯಂತ್ರಕ್ಕೆ ಹೋಗುವ ಮೊದಲು ಬಾಯ್ಲರ್ ಮನೆಗೆ ಹೋಗಿ ದಿನದ ಅಂಕಿ ತುಂಬಿದವಳು ನಾನು. ವಿಚಾರಣೆಯ ದಿನ ಬಾಗಿಲ ಹತ್ತಿರವೇ ನಿಂತಿದ್ದೆ. ಅಪ್ಪ ನನ್ನ ಕಡೆ ತಿರುಗದೆ, "ನಾನೇ ಬರ್ದಿದ್ದು ಸಾಹೇಬ್ರೆ" ಅಂದುಬಿಟ್ಟರು. ನಾನು ಬಾಯಿ ಬಿಡಲಿಲ್ಲ. ಈ ಹಾಳೆಯನ್ನು ಗಡ್ಡದವನಿಗೆ ಕೊಡು. ಚೀಟಿಯಿಂದ 'ಸುಳ್ಳು' ಎಂಬುದನ್ನು ತೆಗೆಸಬೇಡ. ಅದು ಯಾರದೆಂಬುದನ್ನು ಮಾತ್ರ ಸರಿ ಮಾಡಿಸು.